ಹರಿಯುವ ಇಂಕು, ತಡೆಯುವ ಇಂಕು

ಇಂಕ್ ಪೆನ್ನು ಕೈಕೊಟ್ಟಾಗ ಬೈಸಿಕೊಳ್ಳುವುದು ಯಾವಾಗಲೂ ಪೆನ್ನೇ. ಗೆರೆ ನಡುವೆ ತುಂಡಾದರೆ ನಿಬ್ಬು ಕೆಟ್ಟಿದೆ ಅನ್ನುತ್ತೇವೆ. ಅಕ್ಷರ ಹಬ್ಬಿ ಹಾಳೆಯ ಹಿಂಬದಿಗೆ ಇಳಿದರೆ ಪೆನ್ನು ಕಕ್ಕುತ್ತಿದೆ ಅನ್ನುತ್ತೇವೆ. ನಿಬ್ಬು ಬದಲಿಸಿ, ಬ್ಲೇಡು ಹಾಕಿ ಸೀಳು ಬಿಡಿಸಿ, ಕಡೆಗೆ ಪೆನ್ನನ್ನೇ ಡ್ರಾಯರಿನ ಮೂಲೆಗೆ ತಳ್ಳಿದ ಮೇಲೂ ಬಾಟಲಿಯ ಮೇಲೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಇಂಕೆಂದರೆ ಬಣ್ಣದ ನೀರು, ಅದರಲ್ಲೇನು ಹೆಚ್ಚು ಕಡಿಮೆ ಎಂಬ ನಂಬಿಕೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪೆನ್ನಿನ ವಿಷಯದಲ್ಲಿ ಮಾತ್ರ ಹಲವು ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ.

ಬೇಕಾದರೆ ಪರೀಕ್ಷಿಸಿ ನೋಡಬಹುದು. ಒಂದೇ ಪೆನ್ನು, ಒಂದೇ ನೋಟ್‌ಬುಕ್ಕು ಇಟ್ಟುಕೊಳ್ಳಿ. ಮೊದಲು ಜರ್ಮನಿಯ ಪೆಲಿಕನ್ ಕಂಪನಿಯ 4001 ರಾಯಲ್ ಬ್ಲೂ ತುಂಬಿ ಅರ್ಧ ಪುಟ ಬರೆಯಿರಿ. ಪೆನ್ನನ್ನು ಚೆನ್ನಾಗಿ ತೊಳೆದು ಒಣಗಿಸಿ, ವಾಟರ್‌ಮನ್ ನೀಲಿಯನ್ನೋ ಜಪಾನಿನ ಪೈಲಟ್ ಕಂಪನಿಯ ಇರೋಶಿಜುಕು ಸರಣಿಯ ಒಂದು ನೀಲಿಯನ್ನೋ ತುಂಬಿ ಉಳಿದರ್ಧ ಬರೆಯಿರಿ. ಮೇಲಿನ ಅರ್ಧದಲ್ಲಿ ಗೆರೆ ಸಣ್ಣಗೆ, ಬಿಗಿಯಾಗಿ, ತುಸು ಪೇಲವವಾಗಿ ಇರುತ್ತದೆ. ನಿಬ್ಬು ಕಾಗದವನ್ನು ಮೆಲ್ಲಗೆ ಕೆರೆಯುತ್ತಿದೆ ಅನ್ನಿಸುತ್ತದೆ. ಕೆಳಗಿನ ಅರ್ಧದಲ್ಲಿ ಅದೇ ನಿಬ್ಬು ಒಂದು ಅಳತೆ ದಪ್ಪವಾದಂತೆ ಬರೆಯುತ್ತದೆ, ಸಲೀಸಾಗಿ ಜಾರುತ್ತದೆ, ಬಣ್ಣ ಗಾಢವಾಗುತ್ತದೆ, ಒಣಗಲು ಹೊತ್ತು ಹಿಡಿಯುತ್ತದೆ. ಪೆನ್ನಿನ ಹುಚ್ಚಿನವರು ಮೊದಲನೆಯದನ್ನು ಡ್ರೈ ಇಂಕು, ಎರಡನೆಯದನ್ನು ವೆಟ್ ಇಂಕು ಅನ್ನುತ್ತಾರೆ. ಒಂದು ತಡೆಯುತ್ತದೆ, ಇನ್ನೊಂದು ಹರಿಯುತ್ತದೆ. ಅಂಗಡಿಯಲ್ಲಿ ನಾವು ಬಣ್ಣ ನೋಡಿ ಇಂಕು ಕೊಳ್ಳುತ್ತೇವೆ. ಮನೆಗೆ ಬಂದಮೇಲೆ ಸುಖವನ್ನೋ ಕಿರಿಕಿರಿಯನ್ನೋ ಕೊಡುವುದು ಅದರ ಹರಿವು.

ಸೀಳಿನೊಳಗಿನ ಹಗ್ಗಜಗ್ಗಾಟ

ಪೆನ್ನಿನಲ್ಲಿ ಇಂಕು ಬರೀ ತನ್ನ ಭಾರಕ್ಕೆ ಇಳಿಯುವುದಿಲ್ಲ. ಹಾಗೆ ಇಳಿಯುವಂತಿದ್ದರೆ ಮುಚ್ಚಳ ತೆಗೆದ ತಕ್ಷಣ ಅಂಗಿ ನೀಲಿಯಾಗುತ್ತಿತ್ತು. ನಿಬ್ಬಿನ ಹೊಟ್ಟೆಗೆ ಅಂಟಿಕೊಂಡು ಒಂದು ಕಪ್ಪು ತುಂಡಿದೆಯಲ್ಲ, ಅಂಗಡಿಯವರು ಫೀಡ್ ಅನ್ನುವುದು, ಅದರ ಬೆನ್ನ ಮೇಲೆ ತೀರ ಸಣ್ಣ ಕಾಲುವೆಗಳಿವೆ. ದೀಪದ ಬತ್ತಿಗೆ ಎಣ್ಣೆ ಏರುವ ಹಾಗೆ ಇಂಕು ಆ ಕಾಲುವೆಗಳ ಗೋಡೆ ಹಿಡಿದುಕೊಂಡು ನಿಬ್ಬಿನ ಸೀಳಿನವರೆಗೆ ಬರುತ್ತದೆ. ಸೀಳು ತುದಿಯ ಕಡೆಗೆ ಕಿರಿದಾಗುತ್ತ ಹೋಗುವುದರಿಂದ ಅಲ್ಲಿ ಎಳೆತ ಇನ್ನೂ ಜೋರು. ತುದಿ ಕಾಗದಕ್ಕೆ ತಾಗಿದೊಡನೆ ಕಾಗದದ ನಾರುಗಳು ಎಳೆಯತೊಡಗುತ್ತವೆ. ಹೊರಗೆ ಹೋದಷ್ಟು ಇಂಕಿನ ಜಾಗಕ್ಕೆ ಅಷ್ಟೇ ಗಾಳಿ ಒಳಗೆ ಬರಬೇಕು. ಬರದಿದ್ದರೆ ಒಳಗಿನ ಒತ್ತಡ ಇಳಿದು ಪೆನ್ನು ನಿಂತುಬಿಡುತ್ತದೆ; ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಹನಿ ಉದುರುತ್ತದೆ. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ಕೊಡುಕೊಳೆಯನ್ನು ಹದಕ್ಕೆ ತಂದ ಫೀಡಿಗೆ. (ವಿಮಾ ಕರಾರಿನ ಮೇಲೆ ಪೆನ್ನು ಇಂಕು ಚೆಲ್ಲಿ ಗಿರಾಕಿ ಕೈತಪ್ಪಿದ, ಆ ಸಿಟ್ಟಿಗೆ ವಾಟರ್‌ಮನ್ ಹೊಸ ಪೆನ್ನು ಮಾಡಿದ ಎಂಬ ಕಥೆಯನ್ನು ಎಲ್ಲೆಡೆ ಹೇಳುತ್ತಾರೆ. ಅದು ಮಾರಾಟಕ್ಕೆ ಹೆಣೆದ ಕಥೆ ಎಂಬ ಗುಮಾನಿ ನನ್ನದು.)

ಫೀಡು ಎಷ್ಟೇ ಚೆನ್ನಾಗಿದ್ದರೂ ಇಂಕು ಅದಕ್ಕೆ ಒಲಿಯಬೇಕು. ನೀರಿನ ಮೇಲ್ಮೈ ಎಳೆತ ಬಹಳ ಹೆಚ್ಚು. ಬರೀ ನೀರಿಗೆ ಬಣ್ಣ ಕಲಸಿ ಪೆನ್ನಿಗೆ ಹಾಕಿದರೆ ಅದು ಪ್ಲಾಸ್ಟಿಕ್ ಫೀಡಿಗೆ ಅಂಟದೆ ಹನಿಗಟ್ಟಿ ಕೂರುತ್ತದೆ. ಅದಕ್ಕೆಂದೇ ತಯಾರಕರು ಸೋಪಿನ ಜಾತಿಯ ಪದಾರ್ಥವನ್ನು ಅತಿ ಕಡಿಮೆ ಪ್ರಮಾಣದಲ್ಲಿ ಬೆರೆಸುತ್ತಾರೆ. ಅದು ತುಸು ಹೆಚ್ಚಾದರೆ ಇಂಕು ಫೀಡಿನಲ್ಲಿ ಸರಾಗವಾಗಿ ಹರಿಯುತ್ತದೆ, ಹಾಗೆಯೇ ಕಾಗದದ ನಾರಿನೊಳಕ್ಕೂ ಸರಾಗವಾಗಿ ಹರಿಯುತ್ತದೆ. ನಿಬ್ಬಿನ ತುದಿ ಒಣಗದಿರಲಿ ಎಂದು ಗ್ಲಿಸರಿನ್ನೋ ಗ್ಲೈಕಾಲೋ ಸೇರಿಸುತ್ತಾರೆ. ಅದು ಹೆಚ್ಚಾದರೆ ಬರೆದ ಅಕ್ಷರವೂ ಒಣಗುವುದಿಲ್ಲ. ಬಣ್ಣದ ಪ್ರಮಾಣ ಏರಿಸಿದರೆ ಅಕ್ಷರ ಎದ್ದು ಕಾಣುತ್ತದೆ, ಆದರೆ ನಿಬ್ಬಿನ ಮೇಲೆ ಹರಳುಗಟ್ಟುತ್ತದೆ, ಬೆರಳಿಗೆ ಮೆತ್ತಿಕೊಳ್ಳುತ್ತದೆ. ಬೂಷ್ಟು ಹಿಡಿಯದಿರಲು ಸಂರಕ್ಷಕವೊಂದು ಬೇಕೇ ಬೇಕು. ಹಳೆಯ ಇಂಕಿನ ಬಾಟಲಿ ತೆರೆದರೆ ಆಸ್ಪತ್ರೆಯ ವಾಸನೆ ಬರುತ್ತಿದ್ದುದು ಅದರೊಳಗಿನ ಫಿನಾಲಿನಿಂದ. ಒಂದು ಅನುಕೂಲ ಬೇಕೆಂದರೆ ಇನ್ನೊಂದನ್ನು ಬಿಟ್ಟುಕೊಡಬೇಕು. ಎಲ್ಲ ಗುಣಗಳೂ ಇರುವ ಇಂಕು ಎಂದು ಜಾಹೀರಾತು ಹೇಳಿದರೆ ನಂಬುವುದು ಬೇಡ.

ಬೇಗ ಒಣಗುವ ಇಂಕಿನ ಆಸೆಗೆ ಬಿದ್ದು ಪಾರ್ಕರ್ ಕಂಪನಿ ಪಟ್ಟ ಪಾಡು ಇದಕ್ಕೆ ಒಳ್ಳೆಯ ಉದಾಹರಣೆ. 1931ರಲ್ಲಿ ಬಂದ ಅವರ ಕ್ವಿಂಕ್, ಹೆಸರಿನಲ್ಲೇ ‘ಕ್ವಿಕ್’ ಇಟ್ಟುಕೊಂಡದ್ದು, ಸಭ್ಯ ಇಂಕು. ಇಂದಿಗೂ ಯಾವ ಪೆನ್ನಿಗಾದರೂ ಧೈರ್ಯವಾಗಿ ತುಂಬಬಹುದು. ಆದರೆ 1941ರಲ್ಲಿ ‘ಪಾರ್ಕರ್ 51’ ಪೆನ್ನಿನ ಜೊತೆಗೆ ಬಿಟ್ಟ ಇಂಕು ಇನ್ನೂ ಆತುರದ್ದು. ತೀವ್ರ ಕ್ಷಾರಗುಣದ ಆ ಇಂಕು ಕಾಗದವನ್ನು ಮುಟ್ಟುತ್ತಲೇ ಒಳಗಿಳಿದು ಒಣಗಿದಂತಾಗುತ್ತಿತ್ತು. ಅದೇ ಗುಣ ಬೇರೆ ಪೆನ್ನುಗಳ ರಬ್ಬರ್ ಚೀಲವನ್ನೂ ಪ್ಲಾಸ್ಟಿಕ್ಕನ್ನೂ ತಿನ್ನುತ್ತಿತ್ತು. ಆದ್ದರಿಂದ ‘51’ ಪೆನ್ನಿಗೆ ಮಾತ್ರ ಬಳಸಿ ಎಂದು ಬಾಟಲಿಯ ಮೇಲೇ ಅಚ್ಚು ಹಾಕಬೇಕಾಯಿತು. 1947ರಲ್ಲಿ ಬಂದ ಸೂಪರ್‌ಕ್ರೋಮ್ ಇಂಕಿನ ಕಥೆಯೂ ಬೇರೆಯಾಗಲಿಲ್ಲ. ಇವತ್ತು ಹಳೆಯ ಪಾರ್ಕರ್ ಪೆನ್ನು ರಿಪೇರಿ ಮಾಡುವವರು ಆ ಇಂಕಿನ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಾರೆ.

ಹರಿವಿನ ಲೆಕ್ಕ ಗೊತ್ತಾದರೆ ಪೆನ್ನು–ಇಂಕಿನ ಜೋಡಿ ಕಟ್ಟುವುದು ಕಷ್ಟವಲ್ಲ. ಪೆನ್ನು ಧಾರಾಳಿಯಾದರೆ ಇಂಕು ಜಿಪುಣನಾಗಿರಲಿ. ಪೆನ್ನು ಜಿಪುಣನಾದರೆ ಇಂಕು ಧಾರಾಳಿಯಾಗಿರಲಿ. ಎಬೊನೈಟ್ ಎಂಬ ಗಟ್ಟಿ ರಬ್ಬರಿನ ಫೀಡಿರುವ, ದಪ್ಪ ನಿಬ್ಬಿನ ಪೆನ್ನಿಗೆ ಇರೋಶಿಜುಕು ಹಾಕಿದರೆ ಪುಟ ಕೆರೆಯಾಗುತ್ತದೆ. ಅದೇ ಪೆನ್ನಿಗೆ ಪೆಲಿಕನ್ 4001 ಹಾಕಿದರೆ ಗೆರೆ ಹತೋಟಿಗೆ ಬರುತ್ತದೆ. ಸಣ್ಣ ನಿಬ್ಬಿನ, ತುಸು ಬಿಗಿಯಾದ ಪೆನ್ನು ನಡುನಡುವೆ ಅಕ್ಷರ ಬಿಟ್ಟುಬಿಡುತ್ತಿದ್ದರೆ ಬ್ಲೇಡು ಹುಡುಕುವ ಮೊದಲು ವಾಟರ್‌ಮನ್ ಅಥವಾ ಕ್ವಿಂಕ್ ತುಂಬಿ ನೋಡಿ. ಅರ್ಧದಷ್ಟು ರಿಪೇರಿ ಅಲ್ಲಿಗೇ ಮುಗಿಯಬಹುದು.

‘ರಾಷ್ಟ್ರ’ ಬರೆದು ನೋಡಿ

ಇಂಕುಗಳ ಬಗ್ಗೆ ಲೋಕದಲ್ಲಿ ನಡೆಯುವ ಚರ್ಚೆಯಲ್ಲಿ ಹೆಚ್ಚಿನದು ಇಂಗ್ಲಿಷ್ ಅಕ್ಷರ ಬರೆಯುವವರದು, ಅದೂ ನಯವಾದ ದುಬಾರಿ ಕಾಗದದ ಮೇಲೆ. ಅವರ ತೀರ್ಪು ನಮಗೆ ಪೂರ್ತಿ ಆಗಿಬರುವುದಿಲ್ಲ. ಕನ್ನಡದ ಅಕ್ಷರ ದುಂಡಗಿನದು. ಅದರ ಒಡಲಲ್ಲಿ ಚಿಕ್ಕ ಚಿಕ್ಕ ಖಾಲಿ ಜಾಗಗಳಿವೆ. ದ–ಧ, ಪ–ಫ, ಬ–ಭ ಇವುಗಳ ನಡುವಿನ ವ್ಯತ್ಯಾಸವೆಲ್ಲ ಬುಡದಲ್ಲಿ ಎಳೆಯುವ ಒಂದು ಸಣ್ಣ ಗೀಟು. ಇಂಕು ಕಾಗದದಲ್ಲಿ ಹಬ್ಬಿದರೆ ಮೊದಲು ಮುಳುಗುವುದು ಆ ಗೀಟು. ಧನ ಎಂದು ಬರೆದದ್ದು ದನವಾಗಿ ಕಂಡರೆ ಮೌಲ್ಯಮಾಪಕರನ್ನು ದೂರಿ ಫಲವಿಲ್ಲ. ಸೊನ್ನೆ ಕಣ್ಣು ಮುಚ್ಚಿ ಚುಕ್ಕೆಯಾಗುತ್ತದೆ. ಕೊಂಬು, ದೀರ್ಘದ ಸುರುಳಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಒತ್ತಕ್ಷರದ ಪಾಡು ಇನ್ನೂ ಕಷ್ಟ. ಮಾಮೂಲಿ ನೋಟ್‌ಬುಕ್ಕಿನಲ್ಲಿ ಗೆರೆಯಿಂದ ಗೆರೆಗೆ ಒಂದು ಸೆಂಟಿಮೀಟರಿಗೂ ಕಡಿಮೆ ಜಾಗ. ಅದರಲ್ಲೇ ಮೇಲಕ್ಷರ ಕೂರಬೇಕು, ಅದರ ಕೆಳಗೆ ಅರ್ಧ ಗಾತ್ರದಲ್ಲಿ ಒತ್ತು ಕೂರಬೇಕು, ಒತ್ತಿಗೂ ಒತ್ತು ಬಂದರೆ ಪಕ್ಕದಲ್ಲಿ ಅದಕ್ಕೂ ಜಾಗ ಬೇಕು. ಹೊಸ ಇಂಕು ಕೈಗೆ ಬಂದಾಗ ನಾನು ಬರೆದು ನೋಡುವುದು ‘ರಾಷ್ಟ್ರ’ ಮತ್ತು ‘ವೈಶಿಷ್ಟ್ಯ’. ಷಕಾರದ ಕೆಳಗಿನ ಟ ಒತ್ತಿನ ಸುರುಳಿ ತೆರೆದೇ ಉಳಿದರೆ ಆ ಇಂಕು ಆ ಕಾಗದಕ್ಕೆ ಪಾಸು. ಎಷ್ಟೋ ಹೆಸರುವಾಸಿ ಇಂಕುಗಳು ಇಲ್ಲೇ ಎಡವುತ್ತವೆ.

ಹಾಗಾದರೆ ಕನ್ನಡಕ್ಕೆ ಡ್ರೈ ಇಂಕೇ ಸರಿ ಎಂದು ತೀರ್ಮಾನಿಸುವ ಹಾಗೂ ಇಲ್ಲ. ದುಂಡು ಅಕ್ಷರ ಬರೆಯುವಾಗ ಪೆನ್ನು ಬರೀ ಕೆಳಕ್ಕೆ, ಬಲಕ್ಕೆ ಹೋಗುವುದಿಲ್ಲ. ಮೇಲಕ್ಕೆ, ಎಡಕ್ಕೆ ತಳ್ಳುವ ಗೆರೆಗಳು ತುಂಬ. ತಳ್ಳುವ ಗೆರೆಯಲ್ಲಿ ನಿಬ್ಬು ಕಾಗದವನ್ನು ಕೆರೆಯುವ ಸಂಭವ ಹೆಚ್ಚು, ಗೆರೆ ತುಂಡಾಗುವ ಸಂಭವವೂ ಹೆಚ್ಚು. ಇಂಕು ತೀರ ಬಿಗಿಯಾದರೆ ತಲೆಕಟ್ಟಿನ ಕೊಕ್ಕೆಯೋ ಇ–ಕಾರದ ಗುಡಿಸೋ ಅರ್ಧಕ್ಕೇ ಮಾಯವಾಗುತ್ತದೆ. ವೇಗವಾಗಿ ಬರೆಯುವ ಪತ್ರಕರ್ತರಿಗೆ, ಪರೀಕ್ಷೆ ಬರೆಯುವ ಮಕ್ಕಳಿಗೆ ಇದು ನಿತ್ಯದ ಅನುಭವ. ಆದ್ದರಿಂದ ನನ್ನ ಲೆಕ್ಕ ಇಷ್ಟು: ನಿಬ್ಬು ಸಣ್ಣದಿರಲಿ, ಇಂಕು ಮಧ್ಯಮ ಹರಿವಿನದಿರಲಿ. ಜಪಾನಿನ ಫೈನ್ ನಿಬ್ಬುಗಳು ಯುರೋಪಿನ ಫೈನ್‌ಗಿಂತ ಸಣ್ಣಗೆ ಬರೆಯುತ್ತವೆ, ಅಂಥವಕ್ಕೆ ತುಸು ಹರಿಯುವ ಇಂಕು ಹಾಕಿದರೂ ಒತ್ತಕ್ಷರ ಉಳಿಯುತ್ತದೆ. ಜಪಾನೀಯರೂ ಗೆರೆ ದಟ್ಟವಾದ ಲಿಪಿ ಬರೆಯುವವರೇ ಅಲ್ಲವೇ.

ಇಂಕು ಹಬ್ಬುವುದು ಇಂಕಿನೊಂದರದೇ ತಪ್ಪಲ್ಲ. ಕಾಗದ ಮಾಡುವಾಗ ನಾರಿನ ಮೇಲೆ ರಾಳ, ಪಿಷ್ಟ ಅಥವಾ ಬೇರೆ ರಾಸಾಯನಿಕದ ಲೇಪ ಕೊಡುತ್ತಾರೆ. ಅದಿಲ್ಲದಿದ್ದರೆ ಕಾಗದ ಒತ್ತುಕಾಗದದಂತೆಯೇ ಇಂಕನ್ನು ಹೀರಿಬಿಡುತ್ತದೆ. ಈ ಲೇಪ ಎಷ್ಟು ಚೆನ್ನಾಗಿದೆ ಎಂಬುದರ ಮೇಲೆ ಅಕ್ಷರದ ಅಂಚು ನಿಂತಿದೆ. ಕಾಗದದ ತೂಕ ಅಂದರೆ ಜಿಎಸ್‌ಎಂ ನೋಡಿ ಮೋಸಹೋಗುವವರೇ ಹೆಚ್ಚು. ಜಪಾನಿನ ತೊಮೊಯೆ ರಿವರ್ ಎಂಬ ಕಾಗದ ಬರೀ 52 ಜಿಎಸ್‌ಎಂ. ಗಾಳಿಗೆ ಹಾರುವಷ್ಟು ತೆಳು. ಆದರೂ ಅದರ ಮೇಲೆ ಇಂಕು ಕೂದಲೆಳೆಯಷ್ಟೂ ಹಬ್ಬುವುದಿಲ್ಲ. ಅದಕ್ಕಿಂತ ದಪ್ಪನೆಯ ಜೆರಾಕ್ಸ್ ಹಾಳೆ ಇಂಕನ್ನು ಹಿಂಬದಿಗೆ ದಾಟಿಸುತ್ತದೆ. ಭದ್ರಾವತಿಯ ಎಂಪಿಎಂ, ದಾಂಡೇಲಿಯ ವೆಸ್ಟ್ ಕೋಸ್ಟ್ ಕಾರ್ಖಾನೆಗಳ ಕಾಗದದಲ್ಲಿ ಓದು ಬರಹ ಕಲಿತ ರಾಜ್ಯ ನಮ್ಮದು. ಬಾಲ್ ಪೆನ್ನು ಬಂದಮೇಲೆ ನೋಟ್‌ಬುಕ್ ಕೊಳ್ಳುವಾಗ ಯಾರೂ ಇಂಕಿನ ಪ್ರಶ್ನೆ ಕೇಳುತ್ತಿಲ್ಲ, ಮಾಡುವವರೂ ಅದನ್ನು ತಲೆಗೆ ಹಾಕಿಕೊಳ್ಳುತ್ತಿಲ್ಲ. ಅಂಚೆ ಕಾರ್ಡಿನ ಮೇಲೆ ಇಂಕು ಪೆನ್ನಿನಲ್ಲಿ ವಿಳಾಸ ಬರೆದು ಮಳೆಗಾಲದಲ್ಲಿ ಪೆಟ್ಟಿಗೆಗೆ ಹಾಕುವುದಂತೂ ಪೋಸ್ಟ್‌ಮ್ಯಾನ್‌ಗೆ ಒಡ್ಡುವ ಸವಾಲು. ಇನ್ನು ಮದುವೆ ಕಾಗದದ ಹೊಳಪಿನ ಲಕೋಟೆಯ ಕಥೆ ತಿರುಗುಮುರುಗು: ಇಂಕು ಇಂಗುವುದೇ ಇಲ್ಲ, ಹೆಸರು ಬರೆದು ಹತ್ತು ನಿಮಿಷವಾದ ಮೇಲೂ ಅಂಗೈಗೆ ಮೆತ್ತುತ್ತದೆ.

ಹವೆಯೂ ಕೈಯಾಡಿಸುತ್ತದೆ. ಜುಲೈ ತಿಂಗಳಲ್ಲಿ ಆಗುಂಬೆಯಲ್ಲೋ ಮಂಗಳೂರಿನಲ್ಲೋ ಕಾಗದವೇ ತೇವ ಹೀರಿಕೊಂಡು ಮೆತ್ತಗಾಗಿರುತ್ತದೆ. ಬೇಸಿಗೆಯಲ್ಲಿ ಚೊಕ್ಕಟವಾಗಿ ಬರೆಯುತ್ತಿದ್ದ ಇಂಕು ಅಲ್ಲಿ ಜೇಡನ ಕಾಲು ಬಿಡುತ್ತದೆ, ಒಣಗಲು ಸತಾಯಿಸುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ಲಿನಲ್ಲಿ ತಾಪತ್ರಯ ಬೇರೆ. ಯೋಚಿಸುತ್ತ ಪೆನ್ನು ಹಿಡಿದು ಕೂತರೆ ನಿಬ್ಬಿನ ತುದಿ ಒಣಗಿ ಮೊದಲ ಅಕ್ಷರ ಮೂಡುವುದಿಲ್ಲ, ಮೂಡಲು ಶುರುವಾದರೆ ಇಂಕು ಧಾರೆಯಾಗುತ್ತದೆ. ನೀರಿನ ಸ್ನಿಗ್ಧತೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದದ್ದು 40 ಡಿಗ್ರಿ ಆಗುವಾಗ ಮೂರನೇ ಒಂದು ಭಾಗದಷ್ಟು ಇಳಿದಿರುತ್ತದೆ. ಇಂಕಿನ ಬಹುಪಾಲು ನೀರೇ.

ಹನಿ ಉದುರಿಸುವ ಪೆನ್ನಿನ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಫಿಲ್ಲರಿನಿಂದ ನೇರವಾಗಿ ಕೊಳವೆಗೆ ಇಂಕು ತುಂಬುವ ಪೆನ್ನುಗಳು ನಮ್ಮ ದೇಶದಲ್ಲಿ ಉಳಿದಷ್ಟು ಬೇರೆಲ್ಲೂ ಉಳಿಯಲಿಲ್ಲ. ರಾಜಮಹೇಂದ್ರಿಯ ರತ್ನಂ ಪೆನ್ನು, 1935ರಲ್ಲಿ ಗಾಂಧೀಜಿಯಿಂದ ಮೆಚ್ಚುಗೆಯ ಪತ್ರ ಪಡೆದದ್ದು, ಇದೇ ಜಾತಿಯದು. ಮೊದಲೇ ಇಂಕು ತುಂಬಿ ಬರುವ ಕಾರ್ಟ್ರಿಡ್ಜ್ ಅಥವಾ ಬಾಟಲಿಯಿಂದ ಇಂಕು ಎಳೆದುಕೊಳ್ಳುವ ಕನ್ವರ್ಟರಿನಲ್ಲಿ ಒಂದು ಮಿಲೀ ಆಸುಪಾಸು ಇಂಕು ಹಿಡಿದರೆ ಇವುಗಳ ಹೊಟ್ಟೆಯಲ್ಲಿ ಎರಡು, ಮೂರು ಮಿಲೀ ಸಲೀಸು. ಆದರೆ ಇಂಕು ಅರ್ಧಕ್ಕಿಂತ ಇಳಿದ ಮೇಲೆ ಒಳಗೆ ಗಾಳಿಯದೇ ರಾಜ್ಯ. ಆ ಗಾಳಿ ಎರಡು ಮಿಲೀ ಇದೆ ಅಂದುಕೊಳ್ಳಿ. ಕೈಯ ಬಿಸಿಗೆ 10 ಡಿಗ್ರಿ ಕಾದರೆ ಅದು ಶೇಕಡ 3ಕ್ಕಿಂತ ತುಸು ಹೆಚ್ಚು ಹಿಗ್ಗುತ್ತದೆ, ಅಂದರೆ ಒಂದು ಹನಿಗಿಂತ ಸ್ವಲ್ಪ ಜಾಸ್ತಿ. ಅಷ್ಟು ಇಂಕು ಹೊರಗೆ ಬರಲೇಬೇಕು. ಅದು ಸರಿಯಾಗಿ ಅರ್ಜಿಯ ನಡುಮಧ್ಯಕ್ಕೇ ಬೀಳುವುದು ಪೆನ್ನಿನ ದುರುದ್ದೇಶವಲ್ಲ, ಭೌತಶಾಸ್ತ್ರ. ಇಂಥ ಪೆನ್ನಿಗೆ ಮದ್ದು ಎರಡು: ಅರ್ಧ ಖಾಲಿಯಾಗುತ್ತಲೇ ತುಂಬಿಸುವುದು, ತಡೆಯುವ ಗುಣದ ಇಂಕು ಬಳಸುವುದು. ಸೀಮೆಸುಣ್ಣದ ಚೂರಿನಿಂದ ಹನಿ ಹೀರಿಸುವ ವಿದ್ಯೆಯನ್ನು ಒಂದು ತಲೆಮಾರಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಉಳಿಯುವ ಬರಹ, ಅಳಿಯುವ ಬರಹ

ಬಾಟಲಿಯ ಮೇಲೆ ‘ವಾಷಬಲ್’ ಎಂದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ರಾಯಲ್ ಬ್ಲೂ ಇಂಕುಗಳಲ್ಲಿ ಹೆಚ್ಚಿನವು ಬಟ್ಟೆಯಿಂದ ಹೋಗಲಿ ಎಂದೇ ಮಾಡಿದವು, ಅಂದಮೇಲೆ ಕಾಗದದಿಂದಲೂ ಹೋಗುತ್ತವೆ. ಜರ್ಮನಿಯ ಶಾಲೆಗಳಲ್ಲಿ ಮಕ್ಕಳು ಬರೆಯುವುದು ಇದೇ ನೀಲಿಯಲ್ಲಿ. ತಪ್ಪಾದರೆ ಮೇಲೆ ಒಂದು ಅಳಿಸುವ ಪೆನ್ನು ಎಳೆದರೆ ಬಣ್ಣ ಮಾಯ. ಬಣ್ಣ ಅಲ್ಲಿಂದ ಹೋಗಿರುವುದಿಲ್ಲ. ರಾಸಾಯನಿಕ ಕ್ರಿಯೆಯಿಂದ ಅದು ಬಣ್ಣ ಕಳೆದುಕೊಂಡಿರುತ್ತದೆ, ಅಷ್ಟೆ. ಅಭ್ಯಾಸದ ಪುಸ್ತಕಕ್ಕೆ, ದಿನಚರಿಗೆ, ಕಿರಾಣಿ ಚೀಟಿಗೆ ಇದಕ್ಕಿಂತ ವಾಸಿಯಾದ ಇಂಕಿಲ್ಲ. ಪೆನ್ನಿಗೂ ಕ್ಷೇಮ, ಎರಡು ಲೋಟ ನೀರಿನಲ್ಲಿ ತೊಳೆದುಹೋಗುತ್ತದೆ. ಆದರೆ ಚೆಕ್ಕಿಗೆ, ಕರಾರುಪತ್ರಕ್ಕೆ, ವಿಲ್ಲಿಗೆ ಖಂಡಿತ ಬೇಡ. ಚೆಕ್ಕಿನಲ್ಲಿ ಹೆಸರು, ಮೊತ್ತ ತಿದ್ದುವಂತಿಲ್ಲ ಎಂದು ನಿಯಮ ಮಾಡಿದ್ದಾರೆ. ಅಳಿಸಿದ ಗುರುತೇ ಇಲ್ಲದ ಹಾಗೆ ಬೇರೆಯವರು ತಿದ್ದಲು ನಾವೇ ಅನುಕೂಲ ಮಾಡಿಕೊಡುವುದು ಯಾಕೆ?

ಉಳಿಯಬೇಕಾದ ಬರಹಕ್ಕೆ ಹಳೆಯ ದಾರಿ ಬ್ಲೂ–ಬ್ಲ್ಯಾಕ್. ಇದರ ಮೂಲ ಬಹಳ ಹಿಂದಿನದು. ಓಕ್ ಮರದ ಗಂಟಿನಲ್ಲಿರುವ ಒಗರಿಗೆ ಕಬ್ಬಿಣದ ಲವಣ ಸೇರಿದರೆ ಕಪ್ಪು ಬಣ್ಣ ಹುಟ್ಟುತ್ತದೆ. ಆ ಗಂಟು ನಮಗೇನು ಹೊಸದಲ್ಲ. ಬಾಣಂತಿಯ ಮದ್ದಿಗೆ ಗ್ರಂದಿಗೆ ಅಂಗಡಿಯಿಂದ ತರುವ ಮಾಚಿಕಾಯಿಯೇ ಅದು. ಕಬ್ಬಿಣದ ಲವಣವೂ ಅದೇ ಅಂಗಡಿಯಲ್ಲಿ ಅನ್ನಭೇದಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಮಾಚಿಕಾಯಿಯ ಬದಲು ಅಳಲೆಕಾಯಿ ಹಾಕಿದರೂ ನಡೆಯುತ್ತದೆ. ಈ ಇಂಕು ಬಾಟಲಿಯಲ್ಲಿರುವಾಗ ಹೆಚ್ಚು ಕಡಿಮೆ ಬಣ್ಣವಿಲ್ಲದ್ದು. ಬರೆಯುವವರಿಗೆ ಗೆರೆ ಕಾಣಲಿ ಎಂದು ನೀಲಿ ಬೆರೆಸುತ್ತಾರೆ. ಕಾಗದದ ಮೇಲೆ ಗಾಳಿ ತಾಗಿದಂತೆಲ್ಲ ಕಬ್ಬಿಣ ಉತ್ಕರ್ಷಣೆಗೊಂಡು ಗಂಟೆಗಳಲ್ಲಿ, ದಿನಗಳಲ್ಲಿ ಕಪ್ಪಾಗುತ್ತದೆ, ನಾರಿಗೆ ಅಂಟಿಕೊಂಡು ನೀರಿಗೂ ಜಗ್ಗುವುದಿಲ್ಲ. ಬ್ರಿಟನ್ನಿನಲ್ಲಿ ಜನನ, ವಿವಾಹಗಳ ನೋಂದಣಿ ಪುಸ್ತಕಕ್ಕೆ ಇದೇ ಜಾತಿಯ ‘ರಿಜಿಸ್ಟ್ರಾರ್ಸ್’ ಇಂಕು ಬಳಸುತ್ತ ಬಂದರು. ಪೆಲಿಕನ್ 4001 ಬ್ಲೂ–ಬ್ಲ್ಯಾಕ್, ಜಪಾನಿನ ಪ್ಲ್ಯಾಟಿನಂ ಬ್ಲೂ–ಬ್ಲ್ಯಾಕ್, ಲಿವರ್‌ಪೂಲಿನ ಡಯಾಮೈನ್ ಕಂಪನಿಯ ರಿಜಿಸ್ಟ್ರಾರ್ಸ್ ಇವತ್ತಿಗೂ ಕಬ್ಬಿಣದ ಇಂಕುಗಳೇ. ಹೆಸರಿನಲ್ಲಿ ಬ್ಲೂ–ಬ್ಲ್ಯಾಕ್ ಇದ್ದ ಮಾತ್ರಕ್ಕೆ ಕಬ್ಬಿಣ ಇರಲೇಬೇಕೆಂದಿಲ್ಲ, ಈಗಿನ ಹಲವು ಬರೀ ಗಾಢ ನೀಲಿ ಬಣ್ಣ.

ಕಬ್ಬಿಣದ ಇಂಕಿನ ನಿಜವಾದ ಸೊಗಸು ಸಾಧಾರಣ ಕಾಗದದ ಮೇಲೆ ಗೊತ್ತಾಗುತ್ತದೆ. ಇದು ಸ್ವಭಾವತಃ ತಡೆಯುವ ಇಂಕು. ಬೇರೆ ಇಂಕುಗಳು ಹರಡಿ ರಾದ್ಧಾಂತ ಮಾಡುವ ಅಗ್ಗದ ನೋಟ್‌ಬುಕ್ಕಿನಲ್ಲೂ ಇದರ ಗೆರೆ ಕೆತ್ತಿದಂತೆ ನಿಲ್ಲುತ್ತದೆ, ಹಿಂಬದಿಗೆ ಇಳಿಯುವುದಿಲ್ಲ. ಕನ್ನಡದ ಒತ್ತಕ್ಷರಕ್ಕೆ ಇದಕ್ಕಿಂತ ಒಳ್ಳೆಯ ಗೆಳೆಯನನ್ನು ನಾನು ಕಂಡಿಲ್ಲ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಆಮ್ಲಗುಣದಿಂದಾಗಿ ಅಗ್ಗದ ಉಕ್ಕಿನ ನಿಬ್ಬನ್ನು ನಿಧಾನವಾಗಿ ಕಚ್ಚುತ್ತದೆ. ಪೆನ್ನಿನಲ್ಲಿ ಒಣಗಲು ಬಿಟ್ಟರೆ ಗಸಿ ಕಟ್ಟಿ ಕಾಲುವೆ ಮುಚ್ಚುತ್ತದೆ. ವಾರಗಟ್ಟಲೆ ಪೆನ್ನು ಮುಟ್ಟದವರು ಇದರ ಸಹವಾಸ ಮಾಡದಿರುವುದು ಲೇಸು. ಪ್ಲ್ಯಾಟಿನಂ ಕಾರ್ಬನ್, ಸೈಲರ್ ಕಿವಾಗುರೊದಂಥ ಕಣದ ಇಂಕುಗಳಿಗೂ ಇದೇ ಎಚ್ಚರಿಕೆ. ಅವುಗಳ ಕರಿ ಕರಗಿದ ಬಣ್ಣವಲ್ಲ, ತೇಲುವ ಅತಿ ಸೂಕ್ಷ್ಮ ಮಸಿ. ಒಣಗಿದರೆ ಬಿಡಿಸುವುದು ಕಷ್ಟ. ಚಿತ್ರಕಾರರ ಇಂಡಿಯನ್ ಇಂಕನ್ನಂತೂ ಪೆನ್ನಿನ ಹತ್ತಿರವೂ ಸುಳಿಸಬಾರದು. ಅದರಲ್ಲಿರುವ ಅಂಟು ಫೀಡನ್ನು ಶಾಶ್ವತವಾಗಿ ಮುಗಿಸುತ್ತದೆ.

ಮಿನುಗುವ ಇಂಕುಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಚಿನ್ನದ ಪುಡಿಯಂತೆ ಹೊಳೆಯುವ ಕಣಗಳು ಬಾಟಲಿಯ ತಳದಲ್ಲಿ ಕೂರುತ್ತವೆ, ಪೆನ್ನಿನ ತಳದಲ್ಲೂ ಕೂರುತ್ತವೆ. ನೀಲಿ ಬರೆದರೆ ಅಂಚಿನಲ್ಲಿ ಕೆಂಪು ಹೊಳೆಯುವ ಇಂಕುಗಳೂ ಇವೆ; ಬಣ್ಣ ಕಾಗದದೊಳಗೆ ಇಳಿಯದೆ ಮೇಲೆಯೇ ಹರಳುಗಟ್ಟುವುದರಿಂದ ಆ ಹೊಳಪು. ಮೇಲೆಯೇ ಕೂತದ್ದು ವಾರ ಕಳೆದ ಮೇಲೂ ಬೆವರಿದ ಬೆರಳಿಗೆ ಅಂಟುತ್ತದೆ. ನಮ್ಮ ಹೀರುವ ಕಾಗದದ ಮೇಲೆ ಆ ಕೆಂಪು ಕಾಣುವುದೂ ಇಲ್ಲ. ಶುಭಾಶಯ ಪತ್ರಕ್ಕೆ ಸರಿ.

ಊರ ಬಾಟಲಿಗಳು

ಜಪಾನಿನ, ಜರ್ಮನಿಯ ಬಾಟಲಿಗಳ ಬೆಲೆ ನಮ್ಮ ಇಂಕಿನ ಹತ್ತಾರು ಪಟ್ಟು. ಅಷ್ಟು ಪಟ್ಟು ಚೆನ್ನಾಗಿ ಬರೆಯುತ್ತವೆಯೇ ಎಂದು ಕೇಳಿದರೆ ಇಲ್ಲ ಎಂಬುದೇ ನನ್ನ ಉತ್ತರ. ಮುಂಬೈಯ ದಾಂಡೇಕರ್ ಸಹೋದರರು 1931ರಲ್ಲಿ ‘ಹಾರ್ಸ್ ಬ್ರ್ಯಾಂಡ್’ ಹೆಸರಿನ ಇಂಕಿನ ಪುಡಿ, ಗುಳಿಗೆ ಮಾರಲು ಶುರುಮಾಡಿದ್ದು ಮುಂದೆ ಕ್ಯಾಮೆಲ್ ಇಂಕಾಗಿ ದೇಶದ ಪ್ರತಿ ಪುಸ್ತಕದಂಗಡಿಗೆ ಬಂತು. ಬಂಗಾಳದ ಮೈತ್ರ ಸಹೋದರರ ಸುಲೇಖಾ 1934ರದು. ವಿದೇಶಿ ಇಂಕಿನಲ್ಲಿ ಸ್ವದೇಶಿಯ ಮಾತು ಬರೆಯುವುದು ಹೇಗೆ ಎಂಬ ಗಾಂಧಿಯುಗದ ಸಂಕೋಚದಿಂದ ಹುಟ್ಟಿದ್ದು. ಎಂಬತ್ತರ ದಶಕದ ಕೊನೆಗೆ ಬಾಗಿಲು ಹಾಕಿದ ಆ ಕಂಪನಿ ಮತ್ತೆ ತೆರೆದು, 2020ರಿಂದ ಪೆನ್ನಿನ ಇಂಕನ್ನು ಹೊಸ ಬಾಟಲಿಯಲ್ಲಿ ಬಿಡುತ್ತಿದೆ. ಚೆನ್ನೈಯ ಬ್ರಿಲ್ ಇದೆ. ಪಾರ್ಕರ್ ಕ್ವಿಂಕ್ ಹೆಸರಿನೊಂದಿಗೆ ಒಂದು ಕಾಲಕ್ಕೆ ಮನೆಮಾತಾಗಿದ್ದ ಚೆಲ್‌ಪಾರ್ಕ್‌ನ ಬಾಟಲಿಯ ಮೇಲೆ ಬೆಂಗಳೂರಿನ ವಿಳಾಸವಿರುತ್ತಿತ್ತು. ಬಣ್ಣದ ಹುಚ್ಚಿದ್ದವರಿಗೆ ಕೇರಳದ ಕೃಷ್ಣ ಇಂಕುಗಳಿವೆ. (ಕರ್ನಾಟಕದ ಅತ್ಯಂತ ಹೆಸರಾಂತ ಇಂಕು ಮಾತ್ರ ಪೆನ್ನಿಗೆ ಹಾಕುವಂಥದ್ದಲ್ಲ. ಮೈಸೂರಿನ ಬಣ್ಣದ ಕಾರ್ಖಾನೆ 1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚಿಸುತ್ತಿರುವ ಆ ಇಂಕು ಕಪ್ಪಾಗುವುದು ಬೆಳ್ಳಿಯ ಲವಣದಿಂದ.)

ನನ್ನ ಪೆನ್ನುಗಳಲ್ಲಿ ಕ್ಯಾಮೆಲ್ ರಾಯಲ್ ಬ್ಲೂ ಮಧ್ಯಮಕ್ಕಿಂತ ತುಸು ತಡೆಯುವ ಕಡೆಗೆ ವಾಲುತ್ತದೆ. ಬಣ್ಣ ಅಂಥ ಗಾಢವಲ್ಲ, ನೀರು ಬಿದ್ದರೆ ಉಳಿಯುವುದಿಲ್ಲ, ಬಿಸಿಲಿಗೆ ಮಂಕಾಗುತ್ತದೆ. ಆದರೆ ಅಗ್ಗದ ಹಾಳೆಯ ಮೇಲೆ ಹದ್ದು ಮೀರುವುದಿಲ್ಲ, ಪೆನ್ನನ್ನು ಕಟ್ಟಿಸುವುದಿಲ್ಲ, ತಾಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ದಿನವೂ ಬರೆಯುವವರಿಗೆ ಇಂಕಿನಿಂದ ಇನ್ನೇನು ಬೇಕು? ನನ್ನ ತೀರ್ಪು ಕೇಳಿದರೆ ಇಷ್ಟೇ: ದಿನದ ಬರವಣಿಗೆಗೆ ಸಣ್ಣ ನಿಬ್ಬು ಮತ್ತು ಊರ ನೀಲಿ, ಉಳಿಯಬೇಕಾದ ಕಾಗದಕ್ಕೆ ಕಬ್ಬಿಣದ ಬ್ಲೂ–ಬ್ಲ್ಯಾಕ್, ದುಬಾರಿ ಇಂಕು ಒಂದಿರಲಿ, ಜಿಪುಣ ಪೆನ್ನಿಗೆ ಮತ್ತು ಭಾನುವಾರದ ಖುಷಿಗೆ.

ಡ್ರಾಯರಿನಲ್ಲಿ ಒಣಗಿದ ಪೆನ್ನೊಂದು ಬಿದ್ದಿದ್ದರೆ ಹೊರಗೆ ತೆಗೆಯಿರಿ. ರಾತ್ರಿ ನಿಬ್ಬಿನ ಭಾಗವನ್ನು ತಣ್ಣೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ನೀರು ತಿಳಿಯಾಗುವತನಕ ತೊಳೆಯಿರಿ. ಬಿಸಿನೀರು ಬೇಡ, ಎಬೊನೈಟ್ ಮಂಕಾಗುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ಹನಿ ಹಾಕಿದರೆ ಹಳೆಯ ಗಸಿ ಬೇಗ ಬಿಡುತ್ತದೆ. ಆಮೇಲೆ ಆ ಸೋಪು ಪೂರ್ತಿ ಹೋಗುವ ಹಾಗೆ ಮತ್ತೆ ತೊಳೆಯಬೇಕು, ಉಳಿದರೆ ಇಂಕು ಕಾಗದದ ಮೇಲೆ ಓಡಾಡುತ್ತದೆ. ಎರಡು ಕಂಪನಿಯ ಇಂಕು ಬೆರೆಸಬೇಡಿ, ಒಂದು ಆಮ್ಲ, ಇನ್ನೊಂದು ಕ್ಷಾರವಾಗಿದ್ದರೆ ಗಸಿ ಕಟ್ಟುತ್ತದೆ. ಬಾಟಲಿಯಲ್ಲಿ ಇಂಕು ಆರಿ ದಪ್ಪಗಾಗಿದ್ದರೆ ಬೋರ್‌ವೆಲ್ ನೀರು ಸುರಿಯದೆ ಡಿಸ್ಟಿಲ್ಡ್ ವಾಟರ್ ಕೆಲವು ಹನಿ ಹಾಕಿ. ಮೇಲೆ ಬಿಳಿ ಪೊರೆ ಕಂಡರೆ ಅಥವಾ ಕೆಟ್ಟ ವಾಸನೆ ಬಂದರೆ ಬೂಷ್ಟು ಹಿಡಿದಿದೆ ಎಂದರ್ಥ. ಮರುಕ ತೋರದೆ ಚೆಲ್ಲಿ. ಒಣಗಿದ ಪೆನ್ನಿಗೆ ಈಗ ಒಂದೇ ಒಂದು ಇಂಕು ತುಂಬಿ, ತಿಂಗಳ ಕಾಲ ಅದರಲ್ಲೇ ಬರೆಯಿರಿ. 60 ಮಿಲೀ ಬಾಟಲಿಯೊಂದು 0.8 ಮಿಲೀ ಹಿಡಿಯುವ ಕನ್ವರ್ಟರನ್ನು 75 ಸಲ ತುಂಬುತ್ತದೆ. ಎರಡನೆಯ ಬಾಟಲಿಯ ವಿಚಾರವನ್ನು ಆಮೇಲೆ ಮಾಡಿದರಾಯಿತು.